ಜಮಖಾನೆಯ ಅಂಚು

ವರ್ಷವಿಡೀ ಕರಿ ಬಣ್ಣ ಕಂಡರೆ ಮುಖ ಸಿಂಡರಿಸುವ ನಮ್ಮ ಮಂದಿ, ಸಂಕ್ರಾಂತಿ ಬಂತೆಂದರೆ ಹೊಸ ಸೊಸೆಗೆ ಕರಿ ಸೀರೆಯನ್ನೇ ಹುಡುಕಿ ತಂದು ಉಡಿಸುತ್ತಾರೆ. ಚಂದ್ರಕಾಳಿ ಅಂತ ಅದಕ್ಕೆ ಹೆಸರು. ಥಂಡಿ ದಿನ, ಕರಿ ಬಣ್ಣ ಬಿಸಿಲು ಹೀರಿಕೊಳ್ಳುತ್ತದೆ, ಮೈ ಬೆಚ್ಚಗಿರುತ್ತದೆ ಅಂತ ಹಿರಿಯರು ಕಾರಣ ಹೇಳುತ್ತಿದ್ದರು. ಕರಿ ಬಣ್ಣ ಬಿಸಿಲನ್ನಲ್ಲದೆ ಇನ್ನೂ ಏನೇನನ್ನು ಎಳೆಯುತ್ತದೆ ಅಂತ ಕಿತ್ತೂರಿನ ನನ್ನ ಅತ್ತೆಯ ಮನೆಯವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆದರೂ ಉಟ್ಟೆ. ಸುಳ್ಳೇಕೆ ಹೇಳಲಿ, ಕುಣಿಯುತ್ತಾ ಉಟ್ಟೆ. ಕೆಂಪು ಅಂಚಿನ ಆ ಸೀರೆಯಲ್ಲಿ ನನ್ನ ಬಣ್ಣ ಎದ್ದು ಕಾಣುತ್ತದೆ ಅಂತ ನಮ್ಮವರು ಹಿಂದಿನ ದಿನವೇ ಹೇಳಿದ್ದರು.

ಊರಿನ ಗಂಡಸರು ಕಟ್ಟೆಯ ಮೇಲೆ ರಾಜಕೀಯ ಮಾತಾಡುವಾಗ ದನಿ ತಗ್ಗಿಸಿ ಆಚೀಚೆ ನೋಡುತ್ತಿದ್ದ ವರ್ಷಗಳು ಅವು. ಮಾವನವರು ಪಂಚಾಂಗ ನೋಡಿ ಮುಹೂರ್ತ ಹೇಳುತ್ತಿದ್ದರು. ಭಾವನವರು ಬೈಲಹೊಂಗಲದಲ್ಲಿ ಗುಮಾಸ್ತರು, ನಮ್ಮವರು ನೇಸರಗಿಯಲ್ಲಿ ಮಾಸ್ತರರು. ಮನೆಯಲ್ಲಿ ದಿನವಿಡೀ ಇರುವವರು ನಾವು ಮೂವರು ಹೆಂಗಸರು: ಅತ್ತೆಯವರು, ಭಾವನ ಹೆಂಡತಿ, ನಾನು. ಭಾವನ ಹೆಂಡತಿಯನ್ನು ನಾನು ವೈನಿ ಅಂತ ಕರೆಯುತ್ತಿದ್ದೆ. ಅವರಿಗೆ ಆಗ ತಾನೇ ಹೆಜ್ಜೆ ಇಡುತ್ತಿದ್ದ ಒಬ್ಬಳು ಮಗಳು.

ವೈನಿಯ ಕೈಗುಣದ ಬಗ್ಗೆ ಓಣಿಯಲ್ಲೆಲ್ಲ ಮಾತಿತ್ತು. ಯಾರ ಮನೆಯಲ್ಲಿ ಹಡೆದರೂ ಕೂಸಿಗೆ ಎರೆಯಲು ಅವರನ್ನೇ ಕರೆಯುತ್ತಿದ್ದರು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು, ಎಣ್ಣೆ ಹಚ್ಚಿ ತಿಕ್ಕಿ ನೀರು ಹಾಕಿದರೆ ಎಂಥ ಹಟಮಾರಿ ಕೂಸೂ ಅಲ್ಲೇ ಕಣ್ಣು ಮುಚ್ಚುತ್ತಿತ್ತು. ಹಾಡಿಲ್ಲ, ಪುಸಲಾಯಿಸುವುದಿಲ್ಲ, ಸುಮ್ಮನೆ ಕೈ ಓಡುತ್ತಿತ್ತು. ಆ ಮನೆಯಲ್ಲಿ ವೈನಿಗೆ ತಮ್ಮದು ಅಂತ ಇದ್ದ ಹೆಸರು ಅದೊಂದೇ. ಮಾತು ಬಾರದ, ನಗು ಕಡಿಮೆಯ ಹೆಂಗಸು. ಅಡಿಗೆಯಲ್ಲಿ ಉಪ್ಪು ಜಾಸ್ತಿ. ಆದರೆ ಓಣಿಯ ಅರ್ಧ ಮಕ್ಕಳು ಅವರ ಕಾಲ ಮೇಲೆ ಬೆಳೆದಿದ್ದವು.

ಸಂಕ್ರಾಂತಿಗೆ ನಾವು ಎಂ.ಕೆ. ಹುಬ್ಬಳ್ಳಿಯ ಹತ್ತಿರ ಮಲಪ್ರಭೆಗೆ ಹೋಗುತ್ತಿದ್ದೆವು. ಎಳ್ಳು ಅರೆದು ಮೈಗೆ ಹಚ್ಚಿಕೊಂಡು ಹೊಳೆಯಲ್ಲಿ ಮಿಂದು, ದಂಡೆಯ ಮೇಲೆ ಬುತ್ತಿ ಬಿಚ್ಚಿ ಉಣ್ಣುವುದು. ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾದ ಹೋಳಿಗೆ, ಗಟ್ಟಿ ಮೊಸರು. ಆ ವರ್ಷ ಚಕ್ಕಡಿ ಹೊಡೆಯಲು ನಮ್ಮ ಹೊಲ ಮಾಡುತ್ತಿದ್ದ ರೈತ ಬಂದಿದ್ದ. ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು. ವೈನಿಯ ಮಗಳು ಒಂದೊಂದು ಗಾಡಿಗೂ ಕೈ ಚಾಚಿ ಚೀರುತ್ತಿದ್ದಳು. ಒಬ್ಬ ಗಾಡಿಯವ ಒಂದು ಕಬ್ಬಿನ ಗಳ ಮುರಿದು ಕೊಟ್ಟೇಬಿಟ್ಟ.

ದಂಡೆಯ ಮೇಲೊಂದು ದೊಡ್ಡ ಆಲದ ಗಿಡ. ಅತ್ತೆಯವರು ಪ್ರತಿ ವರ್ಷ ಅದರ ಬುಡದಲ್ಲೇ ಜಮಖಾನೆ ಹಾಸುವವರು. ನಾನು ತಲೆ ಎತ್ತಿ ನೋಡಿದೆ. ಎತ್ತರದ ಟೊಂಗೆಗಳಿಗೆ ಹೆಜ್ಜೇನಿನ ಹುಟ್ಟುಗಳು ಜೋತುಬಿದ್ದಿದ್ದವು. ಒಂದೊಂದೂ ಕಾಳು ಕೇರುವ ಮೊರದಷ್ಟು ಅಗಲ, ಮೇಲೆಲ್ಲ ಹುಳಗಳ ಹೊದಿಕೆ. ನನ್ನ ತವರು ರಾಮದುರ್ಗದ ಆಚೆ, ಸುರೇಬಾನದ ಕಡೆ. ಅಲ್ಲಿಯ ಗುಡ್ಡದ ಬಂಡೆಗಳಿಗೆ ಮಳೆಗಾಲ ಮುಗಿದ ಮೇಲೆ ಇವು ಬಂದು ಕೂಡುತ್ತಿದ್ದವು. ನಾನು ಅವುಗಳ ಕೆಳಗೇ ಆಡಿ ಬೆಳೆದವಳು. ಅಂಜಿಕೆ ಇರಲಿಲ್ಲ, ಮರ್ಯಾದೆ ಇತ್ತು.

"ವೈನಿ, ಮ್ಯಾಲೆ ಹೆಜ್ಜೇನ ಅವ. ಆಕಡೆ ಬೇವಿನ ಗಿಡದ ಕೆಳಗ ಕೂಡೋಣೇನು?" ಅಂದೆ.

ಹೊಸ ಸೊಸೆ ಅತ್ತೆಗೆ ನೇರ ಹೇಳುವುದುಂಟೇ? ವೈನಿ ನನ್ನ ಮಾತನ್ನು ಅತ್ತೆಯವರಿಗೆ ದಾಟಿಸಿದರು.

"ಅಯ್ಯ, ಇಪ್ಪತ್ತ ವರ್ಷ ಆತು ನಾವು ಇಲ್ಲೇ ಉಣ್ಣೋದು," ಅತ್ತೆಯವರು ಆಗಲೇ ಜಮಖಾನೆ ಝಾಡಿಸುತ್ತಿದ್ದರು. "ಅವಕ್ಕ ನಮ್ಮ ಮನೀ ಮಂದಿ ಗುರುತ ಅದ. ನಿನ್ನ ಒಬ್ಬಾಕೀ ಪರಿಚಯ ಆಗಬೇಕು ನೋಡು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅತ್ತೆಯವರ ಮಾತು ಹಾಗೇ ಇರುತ್ತಿತ್ತು, ಒರಟು, ಆದರೆ ನಗು ಬರುವಂತೆ. ಮನುಷ್ಯರು ಕೆಟ್ಟವರಲ್ಲ. ಆ ಸೀರೆಯನ್ನೂ ಅವರೇ ಅಂಗಡಿಯಲ್ಲಿ ಅರ್ಧ ದಿನ ಕೂತು ಆರಿಸಿ ತಂದದ್ದು.

ಸ್ನಾನ ಮುಗಿಸಿ ಬಂದು ಹೆಂಗಸರು ಮೊದಲು ಕೂತೆವು. ಗಂಡಸರು ಇನ್ನೂ ನೀರಿನಲ್ಲಿದ್ದರು. ಕೂಸು ವೈನಿಯ ತೊಡೆಯ ಮೇಲೆ ಮಲಗಿ ಮೇಲೆ ನೋಡುತ್ತಾ ಕೇಕೆ ಹಾಕುತ್ತಿತ್ತು. ಯಾಕೆ ಅಂತ ನೋಡಿದರೆ, ಎಲ್ಲಕ್ಕಿಂತ ಕೆಳಗಿನ ಹುಟ್ಟು ಆಟ ಆಡುತ್ತಿತ್ತು. ಒಂದು ಕಡಜ ಅದರ ಮುಂದೆ ಸುಳಿಯುತ್ತಿತ್ತು. ಅದು ಹತ್ತಿರ ಬಂದಾಗೆಲ್ಲ ಹೊದಿಕೆಯ ಹುಳಗಳು ಒಂದರ ಹಿಂದೊಂದು ಹಿಂಭಾಗ ಎತ್ತಿ ಇಳಿಸುತ್ತಿದ್ದವು. ಜೋಳದ ಹೊಲದ ಮೇಲೆ ಗಾಳಿ ಹಾಯ್ದಂತೆ ಹುಟ್ಟಿನ ಈ ಕೊನೆಯಿಂದ ಆ ಕೊನೆಗೆ ಒಂದು ಅಲೆ ಹರಿಯುತ್ತಿತ್ತು. ಯಾವುದೂ ತನ್ನ ಜಾಗ ಬಿಟ್ಟು ಏಳಲಿಲ್ಲ, ಯಾವುದೂ ಕಡಿಯಲಿಲ್ಲ. ಇಷ್ಟು ಮಂದಿ ಇದ್ದೇವೆ ನೋಡು ಅಂತ ತೋರಿಸಿದ್ದಷ್ಟೇ. ಕಡಜ ಸುತ್ತು ಹಾಕಿ ಸುತ್ತು ಹಾಕಿ ಬೇಸತ್ತು ಹೋಯಿತು. ಕೂಸಿನ ಸಂಗಡ ನಾನೂ ಚಪ್ಪಾಳೆ ತಟ್ಟಿದೆ.

ಆಮೇಲೆ ಬಂದದ್ದು ಗಿಡುಗ. ಅದು ಅಲೆಗೆಲ್ಲ ಹೆದರುವ ಜಾತಿಯಲ್ಲ. ಬಂದ ವೇಗಕ್ಕೇ ಹುಟ್ಟಿಗೆ ಕಾಲು ಹಾಕಿ ಒಂದು ಚೂರು ಕಿತ್ತುಕೊಂಡು ಹೊಳೆಯಾಚೆ ಹಾರಿತು. ಉಳಿದ ತುಂಡು ನಮ್ಮ ಬುತ್ತಿಯ ಪಕ್ಕದಲ್ಲೇ ಬಿತ್ತು, ಹಿಂದೆಯೇ ಮಳೆ ಸುರಿದಂತೆ ಹುಳಗಳು. ಗಿಡುಗ ಸಿಗಲಿಲ್ಲ ಅಂದರೆ ಕೆಳಗಿದ್ದವರೇ ಗಿಡುಗ. ಅವುಗಳ ನ್ಯಾಯ ಹಾಗೆ. ಮನೆ ಕಾಯಬೇಕಾದರೆ ಯಾರನ್ನು ಕಡಿದೆವು ಅಂತ ಎಣಿಸುತ್ತಾ ಕೂಡಲಿಕ್ಕಾಗುವುದಿಲ್ಲ.

ನಾನು ಏನು ಮಾಡಬಾರದಿತ್ತೋ ಅದನ್ನೇ ಮಾಡಿದೆ. ಕುತ್ತಿಗೆಯ ಮೇಲೆ ಮೊದಲನೆಯದು ಕಡಿದಾಗ ಫಟ್ಟನೆ ಹೊಡೆದು ಅರೆದುಬಿಟ್ಟೆ. ಮಾಗಿದ ಬಾಳೆಹಣ್ಣಿನಂಥ ವಾಸನೆ ಮೂಗಿಗೆ ಬಂತು. ಸುರೇಬಾನದಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿದ್ದ ವಾಸನೆ ಅದು. ಕಡಿದ ಹುಳ ಮುಳ್ಳಿನ ಜೊತೆ ಆ ವಾಸನೆಯನ್ನೂ ಬಿಟ್ಟು ತಾನು ಸಾಯುತ್ತದೆ, ಉಳಿದವು ಆ ಗುರುತು ಹಿಡಿದು ಅಲ್ಲಿಗೇ ಬರುತ್ತವೆ. ಮೇಲಾಗಿ ಮೈಮೇಲೆ ಕರಿ ಸೀರೆ, ತಲೆಯ ತುಂಬ ಬಿಚ್ಚಿದ ಒದ್ದೆ ಕೂದಲು. ಅಷ್ಟು ದೊಡ್ಡ ದಂಡೆಯ ಮೇಲೆ ಅವಕ್ಕೆ ಕಂಡವಳು ನಾನೊಬ್ಬಳೇ ಅಂದರೂ ತಪ್ಪಿಲ್ಲ.

ಕಣ್ಣು ಮುಚ್ಚುವುದರೊಳಗೆ ಕೂದಲೊಳಗೆ ಹೊಕ್ಕವು. ನಾನು ಚೀರುತ್ತಾ ಗಿಡಕ್ಕೆ ಒಂದು ಸುತ್ತು ಓಡಿ ತಿರುಗಿ ನೋಡಿದರೆ, ಜಮಖಾನೆ ನೆಲದಿಂದ ಎದ್ದು ಗುಡ್ಡೆಯಾಗಿತ್ತು. ಬುತ್ತಿ ಚೆಲ್ಲಾಪಿಲ್ಲಿ. ಅತ್ತೆಯವರು, ವೈನಿ, ಕೂಸು ಮೂವರೂ ಅದರ ಕೆಳಗೆ ಮುದುಡಿದ್ದರು. ನಾನು ಅಲ್ಲಿಗೆ ಓಡಿದೆ. ಮೊಣಕಾಲೂರಿ ಜಮಖಾನೆಯ ಅಂಚಿಗೆ ಕೈ ಹಾಕಿ ಎಳೆದೆ.

ಅಂಚು ಮೇಲೆ ಬರಲಿಲ್ಲ. ಒಳಗಿನಿಂದ ಒಂದು ಕೈ ಅದನ್ನು ನೆಲಕ್ಕೆ ಒತ್ತಿ ಹಿಡಿದಿತ್ತು. ಬೆರಳುಗಳೂ ಮುಂಗೈಯೂ ಹೊರಗೆ ಕಾಣುತ್ತಿದ್ದವು. ಮುಂಗೈಗೆ ಬಂಗಾರದ ಪಾಟಲಿ, ಅಗಲನೆಯ ಬಳೆ. ನಮ್ಮ ಮನೆಯಲ್ಲಿ ಪಾಟಲಿ ಇದ್ದದ್ದು ಅತ್ತೆಯವರ ಕೈಗೆ ಮಾತ್ರ. ಒಳಗೆ ವೈನಿ ಏನೋ ಒದರುತ್ತಿದ್ದರು. ನನ್ನ ಕಿವಿಯ ತುಂಬ ಹುಳಗಳ ಗುಂಯ್‌ಗುಡುವ ಸಪ್ಪಳ, ಮಾತು ತಿಳಿಯಲಿಲ್ಲ. ಮತ್ತೊಮ್ಮೆ ಎಳೆದೆ. ಕೈ ಇನ್ನಷ್ಟು ಬಿಗಿಯಾಯಿತು.

ಆಗ ನನಗೆ ನನ್ನ ತವರಿನ ಮಾತು ನೆನಪಾಯಿತು. ಕಡಿಸಿಕೊಂಡವರು ಮಂದಿಯ ಕಡೆ ಓಡಬಾರದು. ಹುಳ ನಿಮ್ಮ ಹಿಂದೆ ಬರುತ್ತದೆ, ನಿಮ್ಮ ಸಂಗಡ ಹತ್ತು ಮಂದಿಯನ್ನು ಕೊಲ್ಲುತ್ತದೆ. ದೂರ ಓಡಬೇಕು, ಪೊದೆಯೊಳಗೆ, ಬೆಳೆಯೊಳಗೆ. ಸುರೇಬಾನದಲ್ಲಿ ಕುರಿ ಕಾಯುವ ಹುಡುಗರಿಂದ ಹಿಡಿದು ಮುದುಕಿಯರವರೆಗೆ ಎಲ್ಲರೂ ಹೇಳುವ ಮಾತು. ಇದು ಗೊತ್ತಿದ್ದೂ ನಾನು ಒಂದು ಕೂಸಿದ್ದ ಕಡೆಗೆ ಮೈತುಂಬ ಹುಳ ಹೊತ್ತುಕೊಂಡು ಓಡಿದ್ದೆ. ಎದ್ದು ಕಬ್ಬಿನ ಹೊಲಕ್ಕೆ ನುಗ್ಗಿದೆ. ಕಬ್ಬಿನ ಗರಿ ಮುಖ ಕೊಯ್ಯಿತು. ಎಷ್ಟು ದೂರ ಹೋದೆನೋ, ಬಿದ್ದೆ. ಚಕ್ಕಡಿಯ ರೈತ ಕಂಬಳಿ ಹೊದ್ದುಕೊಂಡು ಹಿಂದೆಯೇ ಬಂದು, ಕಬ್ಬಿನ ಒಣಗಿದ ಗರಿ, ರವದಿಗೆ ಬೆಂಕಿ ಹಚ್ಚಿ ಹೊಗೆ ಎಬ್ಬಿಸಿ ನನ್ನನ್ನು ಎಳೆದು ತಂದನಂತೆ. "ಉಸರ ಐತ್ರಿ, ಅಂಜಬ್ಯಾಡ್ರಿ," ಅಂತ ಅವನು ಕೂಗಿದ್ದಷ್ಟು ನೆನಪಿದೆ.

ಮನೆಗೆ ತಂದು ಮಲಗಿಸಿದರು. ಡಾಕ್ಟರು ಬಂದು ಸೂಜಿ ಹಾಕಿದರು, ಜೀವ ಗಟ್ಟಿ ಅಂದರು. ಮುಖ ಬಾತು ಕಣ್ಣು ಮುಚ್ಚಿಹೋಗಿದ್ದವು. ತುಟಿ ಎರಡೂ ಊದಿ ನೀರು ಗುಟುಕರಿಸಲೂ ಆಗುತ್ತಿರಲಿಲ್ಲ. ವೈನಿ ಪಕ್ಕದಲ್ಲಿ ಕೂತು ಉಗುರಿನಿಂದ ಒಂದೊಂದೇ ಮುಳ್ಳನ್ನು ಕೆರೆದು ತೆಗೆದರು. ಕೂದಲ ಬುಡದಲ್ಲಿ, ಕಿವಿಯ ಹಿಂದೆ, ಬೆನ್ನಿನಲ್ಲಿ. ಹುಳ ಸತ್ತ ಮೇಲೂ ಮುಳ್ಳಿನ ಬುಡದ ಚೀಲ ವಿಷ ಹಿಂಡುತ್ತಲೇ ಇರುತ್ತದೆ, ಜಲ್ದಿ ತೆಗೆಯಬೇಕು. ಕೂಸುಗಳ ಮೈ ತಿಕ್ಕಿದ ಕೈ ಅದು, ನೋವಾಗದಂತೆ ತೆಗೆಯಿತು. ಅವರ ಕಣ್ಣೀರು ನನ್ನ ತೋಳಿನ ಮೇಲೆ ಬೀಳುತ್ತಿತ್ತು.

"ತಂಗಿ, ನನ್ನ ಕ್ಷಮಾ ಮಾಡವಾ," ಅನ್ನುತ್ತಿದ್ದರು. "ನನ್ನ ಮ್ಯಾಲೆ ಸಿಟ್ಟ ಮಾಡಬ್ಯಾಡ."

ನಾನು ಹೇಳಬೇಕಾದ ಮಾತು ಬಾಯಿಯಲ್ಲಿ ತಯಾರಿತ್ತು. ತಪ್ಪು ಯಾರದೂ ಅಲ್ಲ ವೈನಿ, ನಾನೇ ಆಕಡೆ ಬರಬಾರದಿತ್ತು. ಇಷ್ಟೇ. ಆದರೆ ತುಟಿ ಏಳಲಿಲ್ಲ. ದೇವರಾಣೆಗೂ ಆ ದಿನ ಏಳಲಿಲ್ಲ.

ನೋಡಲು ಓಣಿಯ ಹೆಂಗಸರು ಬಂದರು. ಬಂದವರು ಬರೀ ನೋಡಿ ಹೋಗುತ್ತಾರೆಯೇ? ಎದುರು ಮನೆಯಾಕೆ ಕೇಳಿಯೇಬಿಟ್ಟಳು: "ಅಲ್ರಿ, ಜಮಖಾನಿ ಒಂಚೂರ ಎತ್ತಿ ಈಕೀನ ಒಳಗ ಕರಕೋಬಾರದಿತ್ತೇನು?"

ನಾನು ಕಣ್ಣು ಮುಚ್ಚಿಕೊಂಡೇ ಕಿವಿಗೊಟ್ಟೆ.

"ನಾ ಮುದುಕಿ, ನನ್ನ ಕೈಲೆ ಏನಾಗ್ತದ?" ಅತ್ತೆಯವರ ದನಿ. "ಹಡದಾಕೀಗೆ ತನ್ನ ಕೂಸಿಂದ ಚಿಂತಿ. ಉಳದವರ ಜೀವ ಕಣ್ಣಿಗೆ ಬೀಳಬೇಕಲಾ."

ಹೆಸರು ಹೇಳಲಿಲ್ಲ, ನೇರ ಸುಳ್ಳೂ ಹೇಳಲಿಲ್ಲ. ಆದರೆ ಎಲ್ಲರ ಕಣ್ಣು ವೈನಿಯ ಕಡೆ ತಿರುಗಿದ್ದನ್ನು ನಾನು ಕಣ್ಣು ಮುಚ್ಚಿಯೇ ಬಲ್ಲೆ. ವೈನಿ ನನ್ನ ಕೈಗೆ ಸುಣ್ಣ ಹಚ್ಚುತ್ತಲೇ ಇದ್ದರು. ಮಂಗ ತಾ ಮೊಸರು ತಿಂದು ಆಡಿನ ಮೂತಿಗೆ ಒರೆಸಿತು ಅಂತಾರಲ್ಲ, ಹಾಗಾಯಿತು ಅಂದುಕೊಂಡೆ. ಅಂದುಕೊಂಡು ಸುಮ್ಮನಿದ್ದೆ.

ಮೊದಲನೆಯದು ಕಡಿದ ಜಾಗಕ್ಕೇ ಉಳಿದವೂ ಬರುವುದು ಹೆಜ್ಜೇನಿನ ಮಾತಷ್ಟೇ ಅಲ್ಲ. ಭಾವನವರು ಹೆಂಡತಿಯನ್ನು "ನೀ ಮನುಷ್ಯಾಳೇನು?" ಅಂತ ಎಲ್ಲರೆದುರು ಕೇಳಿದರು. ಮಾವನವರು ಅವರ ಕೈಯ ನೀರು ತೆಗೆದುಕೊಳ್ಳುವಾಗ ಮುಖ ನೋಡುವುದನ್ನು ಬಿಟ್ಟರು. ಎದುರು ಮನೆಯ ಮಗಳು ಹಡೆದು ಬಂದಾಗ ಕೂಸಿಗೆ ಎರೆಯಲು ಬೇರೆಯವರನ್ನು ಕರೆದರು. ಅದರ ಮುಂದಿನ ಮನೆಯವರೂ ಕರೆಯಲಿಲ್ಲ. ಕಲ್ಲೆದೆಯವಳ ಕೈ ಕೂಸಿಗೆ ಆಗುವುದಿಲ್ಲ ಅಂತ ಮಾತು ಹುಟ್ಟಿತು. ಹತ್ತು ವರ್ಷ ಆ ಓಣಿಯ ಕೂಸುಗಳಿಗೆ ಎರೆದ ಹೆಂಗಸು, ಮುಂಜಾನೆ ಆ ಹೊತ್ತಿಗೆ ಏನು ಮಾಡಬೇಕು ತಿಳಿಯದೆ ತೊಳೆದ ಹಂಡೆಯನ್ನೇ ಮತ್ತೆ ತೊಳೆಯುತ್ತಿದ್ದರು.

ನಾನೇನು ಮಾಡುತ್ತಿದ್ದೆ? ಹೇಳಲು ನಾಚಿಕೆಯಾಗುತ್ತದೆ. ಮಹಾರಾಣಿಯಾಗಿದ್ದೆ. ಬಾವಿಯ ನೀರು ಸೇದುವುದು ನನ್ನ ಪಾಳಿಯಿದ್ದರೂ ನಾನು ಏಳುವ ಮೊದಲೇ ವೈನಿ ಎದ್ದು ತುಂಬಿಬಿಡುತ್ತಿದ್ದರು. ಮೊಸರಿನ ಕೆನೆ ನನ್ನ ತಾಟಿಗೆ ಬೀಳುತ್ತಿತ್ತು. ಅತ್ತೆಯವರು "ಸತ್ತು ಬದುಕಿದ ಜೀವ" ಅಂತ ನನ್ನ ತಲೆಗೆ ತಾವೇ ಎಣ್ಣೆ ಹಚ್ಚುತ್ತಿದ್ದರು. ಮದುವೆಯಾಗಿ ಬಂದ ಮನೆಯಲ್ಲಿ ಮೊದಲ ವರ್ಷವೇ ಇಷ್ಟು ಉಪಚಾರ ಯಾರಿಗೆ ಸಿಕ್ಕೀತು? ಬಾಯಿ ಬಿಟ್ಟು, ತಪ್ಪು ನನ್ನದೇ ಅಂದರೆ ಎಲ್ಲ ಹೋಗುತ್ತಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ದಿನ ದೂಡಿದೆ. ಆಮೇಲೆ ಹೇಳುವುದೇ ಹೆಚ್ಚು ಕಷ್ಟವಾಯಿತು.

ಮರುವರ್ಷ ನಾನು ತವರಿಗೆ ಹೋಗಿ ಗಂಡು ಹಡೆದೆ. ಐದನೇ ತಿಂಗಳಿಗೆ ಕೂಸನ್ನು ಕಟ್ಟಿಕೊಂಡು ಕಿತ್ತೂರಿಗೆ ಬಂದೆ. ಬಂದ ಮರುದಿನ ಮುಂಜಾನೆ ಬಚ್ಚಲಿಗೆ ಹೋದರೆ ನೀರು ಕಾದಿತ್ತು, ಎಣ್ಣೆ ಬೆಚ್ಚಗಿತ್ತು. ವೈನಿ ಸೀರೆ ಮೇಲೆ ಕಟ್ಟಿ ಕಾಲು ಚಾಚಿ ಕೂತುಬಿಟ್ಟಿದ್ದರು. ಅಷ್ಟು ದಿನಗಳ ಮೇಲೆ ಅವರ ಮುಖದಲ್ಲಿ ನಾನು ನಗು ಕಂಡೆ. ನೋಡಲು ಬಂದಿದ್ದ ನಾಲ್ಕೈದು ಹೆಂಗಸರು ಬಾಗಿಲಲ್ಲಿದ್ದರು.

"ಏಳು," ಅತ್ತೆಯವರು ಬಂದು ಅಂದರು. "ನಿನ್ನ ಕೈಯಾಗ ಬ್ಯಾಡ. ಎರಿಯಾಕೀನ್ನ ಬ್ಯಾರೆ ಹೇಳೇನಿ."

"ನಾ ಎರೀತೀನ್ರಿ ಅತ್ತ್ಯಾರ..."

"ಏಳಂದೆ. ಇವನವ್ವನ್ನ ನೀ ಹೆಂಗ ಕಾಯ್ದಿ ಅಂತ ಊರಿಗೆಲ್ಲ ಗೊತ್ತದ."

ವೈನಿ ಚಾಚಿದ ಕಾಲು ಮಡಚಿಕೊಂಡು ಎದ್ದರು. ನೆಲ ಒದ್ದೆಯಿತ್ತು, ಜಾರಿ ಗೋಡೆ ಹಿಡಿದುಕೊಂಡರು. ಯಾರೂ ಕೈ ಕೊಡಲಿಲ್ಲ. ಆಗ ನನ್ನೊಳಗೆ ಏನೋ ಹರಿಯಿತು. ನನಗೆ ಮೊದಲಿನಿಂದಲೂ ಸಿಟ್ಟು ಬಂದರೆ ಹಿಂದುಮುಂದು ಕಾಣುವುದಿಲ್ಲ.

"ಜಮಖಾನಿ ಹಿಡದ ಕೈ ವೈನೀದಲ್ಲ!" ಅಂತ ಚೀರಿದೆ. "ನಿಮ್ಮದು. ಪಾಟಲಿ ನಾ ನನ್ನ ಕಣ್ಣಲೆ ನೋಡೇನಿ. ಎರಡ ಸಲ ಎಳದೆ, ಎರಡ ಸಲನೂ ಒತ್ತಿ ಹಿಡದ್ರಿ!"

ಅತ್ತೆಯವರು ನನ್ನನ್ನು ನೋಡಿದರು. ಜಗಳಕ್ಕೆ ನಿಲ್ಲುತ್ತಾರೆ ಅಂತ ನಾನು ಸೆರಗು ಸಿಗಿಸಿಕೊಂಡೆ. ಅವರು ನಿಲ್ಲಲಿಲ್ಲ.

"ಹೌದವಾ," ಅಂದರು. "ನನ್ನ ಕೈನ."

ಅಷ್ಟು ಹೇಳಿ ಹೊರಗೆ ಹೋದರು. ನಾನು ಕೂಸನ್ನು ವೈನಿಯ ಕೈಗೆ ಕೊಟ್ಟೆ. ನ್ಯಾಯ ಗೆದ್ದ ವಕೀಲರ ಹಾಗೆ ನನ್ನ ಎದೆ ಉಬ್ಬಿತ್ತು. ವೈನಿ ಎರೆದರು, ಕೂಸು ಅವರ ಕಾಲ ಮೇಲೆ ನಿದ್ದೆ ಹೋಯಿತು. ಹೆಂಗಸರೆಲ್ಲ ಹೋದ ಮೇಲೆ ಅಡಿಗೆಮನೆಯಲ್ಲಿ ವೈನಿ ನನ್ನ ಕೈ ಹಿಡಿದರು. ಉಪಕಾರ ನೆನೆಯುತ್ತಾರೆ ಅಂದುಕೊಂಡೆ, ನಾನೆಂಥ ಹುಚ್ಚಿ!

"ಯಾಕ ಹೇಳಿದಿ?" ಅಂದರು. "ಕೈ ಅವರದು, ಖರೆ. ನೀ ಎಳದಾಗ ಅವರು ಎತ್ತಲಿಕ್ಕೇ ಹೊಂಟಿದ್ರು. 'ಎತ್ತಬ್ಯಾಡ್ರಿ, ಕೂಸು ಅದ' ಅಂತ ಒದರಿದಾಕಿ ನಾನು. ನಾ ಒದರಿದ ಮ್ಯಾಲೆ ಅವರು ಒತ್ತಿ ಹಿಡದದ್ದು."

"ಮತ್ತ ನೀವರ ಹೇಳಬಾರದಿತ್ತೇನ್ರಿ?"

"ಏನಂತ ಹೇಳ್ಲಿ? ನನ್ನ ಕೂಸು ಉಳೀಲಿ ಅಂತ ನಿನ್ನ ಹೊರಗ ಹಾಕಿಸಿದೆ ಅಂತ? ಅವರು ನನ್ನ ಅಂದದ್ದು ಸುಳ್ಳಲ್ಲ. ಅದಕ್ಕ ಅನಿಸಿಕೊಂಡೆ."

ಹೆಂಗಸರೆದುರು ಅತ್ತೆಯವರು ಈ ಮಾತು ಹೇಳಿ ಪಾರಾಗಬಹುದಿತ್ತು. ಹೇಳಲಿಲ್ಲ. ಅಷ್ಟು ದಿನ ವೈನಿಯ ಮೇಲೆ ಹಾಕಿದ್ದನ್ನು ಒಂದೇ ಮಾತಿಗೆ ಪೂರ್ತಿಯಾಗಿ ತಮ್ಮ ಮೇಲೆ ತೆಗೆದುಕೊಂಡರು.

ಓಣಿಗೆ ಏನು, ಒಂದು ಮೈ ಬಿಟ್ಟರೆ ಇನ್ನೊಂದು ಮೈ. ಎರೆಯಲು ವೈನಿಯನ್ನು ಮತ್ತೆ ಕರೆಯತೊಡಗಿದರು. ಅದೊಂದು ಒಳ್ಳೆಯದಾಯಿತು, ಇಲ್ಲ ಅನ್ನುವುದಿಲ್ಲ. ಆದರೆ "ಸೊಸೀನ್ನ ಹುಳಕ್ಕ ಕೊಟ್ಟಾಕಿ" ಅಂತ ಅತ್ತೆಯವರ ಬೆನ್ನ ಹಿಂದೆ ಆಡಿದರು. ಮುಂದೆಯೂ ಆಡಿದರು. ಓಣಿಯ ಕೂಸುಗಳಿಗೆಲ್ಲ ದೃಷ್ಟಿ ತೆಗೆಯುತ್ತಿದ್ದವರು ಅವರು. ಎಲ್ಲರೂ ಕೂಸು ತರುವುದನ್ನು ಬಿಟ್ಟರು. ಅವರ ಮಾತಿನ ಒರಟುತನವೂ ಹೋಯಿತು, ನಗು ಬರುವಂಥ ಮಾತೂ ಹೋಯಿತು. ನನ್ನ ಮಗನನ್ನು ಅವರು ಎತ್ತಿಕೊಳ್ಳಲೇ ಇಲ್ಲ. ಯಾರಾದರೂ ಕೊಡಲು ಹೋದರೆ "ಕೈ ಸೋತಾವ" ಅಂತ ಸರಿಯುತ್ತಿದ್ದರು. ಮೊಮ್ಮಗಳನ್ನು ಉಳಿಸಿದ ಕೈ ಅದು. ಅದನ್ನು ಹೇಳಬೇಕಾದವಳು ನಾನೊಬ್ಬಳೇ, ಮತ್ತೆ ನಾನು ಹೇಳಲಿಲ್ಲ.

ಒಂದು ಮಧ್ಯಾಹ್ನ ಮನೆಯಲ್ಲಿ ಅತ್ತೆಯವರು, ನಾನು ಇಬ್ಬರೇ. ನಾನು ರೊಟ್ಟಿಯ ಹಿಟ್ಟು ನಾದುತ್ತಿದ್ದೆ, ಅವರು ದೇವರಿಗೆ ಹೂಬತ್ತಿ ಮಾಡುತ್ತಾ ಕಂಬಕ್ಕೆ ಒರಗಿದ್ದರು. ತೊಟ್ಟಿಲಲ್ಲಿ ಕೂಸು ಎದ್ದು ಅಳತೊಡಗಿತು.

"ಎತ್ತಿಕೊಳ್ರಿ ಅತ್ತ್ಯಾರ," ಅಂದೆ. "ನನ್ನ ಕೈ ಹಿಟ್ಟಾಗ್ಯಾವ."

ಅವರು ತೊಟ್ಟಿಲ ಹಗ್ಗಕ್ಕೆ ಕೈ ಹಾಕಿ ಕೂತಲ್ಲಿಂದಲೇ ತೂಗಿದರು. ಸ್ವಲ್ಪ ಹೊತ್ತಿನ ಮೇಲೆ, ಅಡಿಗೆಗೆ ಏನು ಮಾಡಲಿ ಅನ್ನುವ ದನಿಯಲ್ಲಿ ಕೇಳಿದರು:

"ನಿನ್ನ ತವರಮನಿ ಕಡೆ ಹೆಜ್ಜೇನ ಭಾಳ ಅಲಾ. ಅಲ್ಲೆ ಹಿಂಗಾದ್ರ ಏನ ಮಾಡ್ತಾರ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನೀವು ಮಾಡಿದ್ದ ಮಾಡ್ತಾರ್ರಿ. ಒಮ್ಮೆ ಮುಚ್ಚಿಕೊಂಡ ಮ್ಯಾಲೆ ತಗಿಯೂದಿಲ್ಲ."

"ಹೊರಗ ಉಳದಾಕಿ?"

"ಆಕಿ ಮಂದಿ ಕಡೆ ಬರಬಾರದ್ರಿ. ದೂರ ಓಡಬೇಕು."

"ಇದು ನಿನಗ ಆವತ್ತ ಗೊತ್ತಿತ್ತೋ, ಹಿಂದಾಗಡೆ ಯಾರರ ಹೇಳಿದ್ರೋ?"

"ಗೊತ್ತಿತ್ರಿ. ಸಣ್ಣಾಕಿದ್ದಾಗಿಂದ ಗೊತ್ತಿತ್ತು. ಅಂಜಿಕಿ ಬಂತು, ಓಡಿ ಬಂದೆ."

"ಅಂಜಿಕಿ ಎಲ್ಲಾರಿಗೂ ಬಂದಿತ್ತವಾ. ಅದಕ್ಕ ನಾ ಏನೂ ಅನ್ನೂದಿಲ್ಲ." ಅವರು ಒಂದು ಬತ್ತಿ ಹೊಸೆದು ತಟ್ಟೆಯಲ್ಲಿ ಇಟ್ಟರು, ಇನ್ನೊಂದಕ್ಕೆ ಅರಳೆ ಹಿಂಜಿದರು. "ನೀ ಅದನ್ನ ಹೇಳಿದ್ರ ಮಂದಿ ಬಾಯಿಂದ ನಿಮ್ಮ ವೈನಿ ಉಳೀತಿದ್ಲು, ನಾನೂ ಉಳೀತಿದ್ದೆ. ಆವತ್ತ ನಿನ್ನ ಬಾಯಿ ಬಾತಿತ್ತು, ಖರೆ. ಎಷ್ಟ ದಿನ ಬಾತಿತ್ತು?"

ನಾನು ಹಿಟ್ಟಿನೊಳಗೆ ಕೈ ಇಟ್ಟುಕೊಂಡೇ ಕೂತೆ. ಕೂಸು ಅಳುತ್ತಿತ್ತು. ಅವರು ಬತ್ತಿ ಬಿಟ್ಟು ಮತ್ತೆ ತೊಟ್ಟಿಲ ಹಗ್ಗ ಜಗ್ಗತೊಡಗಿದರು.